ಬೀಳುವವನನ್ನು ಕೇಳಿ

ಜೂನ್ ೪

ಬುಗುರಿಗೆ,

ನಿನ್ನ ವಿಳಾಸವನ್ನು ಸೋದರತ್ತೆಯಿಂದ ಪಡೆದೆ. ಕೊಡುವಾಗ ಅವಳು ಹೇಳಿದ್ದು ಒಂದೇ ಮಾತು: "ಬರೆಯೋದಾದ್ರೆ ಬರಿ, ಆದ್ರೆ ಪಾಠ ಮಾಡ್ಬೇಡ." ಹತ್ತೊಂಬತ್ತು ವರ್ಷದ ಮೇಲೆ ತಮ್ಮನಿಗೆ ಕಾಗದ ಬರೆಯುವ ಮೇಷ್ಟ್ರು ಅಕ್ಕನಿಗೆ ಪಾಠ ಬಿಟ್ಟರೆ ಬೇರೇನು ಬರುತ್ತದೆ? ಪ್ರಯತ್ನಿಸುತ್ತೇನೆ.

ಫೆಬ್ರವರಿಯಲ್ಲಿ ನನಗೆ ಜ್ವರ ಬಂದಿತ್ತು. ಅದಕ್ಕೆ ಕೊಟ್ಟ ಔಷಧಿ ಜ್ವರವನ್ನು ಓಡಿಸಿತು, ಓಡಿಸುವ ಭರದಲ್ಲಿ ಎರಡೂ ಒಳಕಿವಿಗಳ ಸಮತೋಲವನ್ನೂ ಓಡಿಸಿತು. ಕೇಳಿಸುವುದಕ್ಕೆ ತೊಂದರೆಯಿಲ್ಲ. ಒಳಕಿವಿಯಲ್ಲಿ ಪುಟಾಣಿ ಹರಳುಗಳಿರುತ್ತವಂತೆ. ನಾವು ಹೊರಟೆವೋ ನಿಂತೆವೋ ವಾಲಿದೆವೋ ಅಂತ ಹೇಳುವುದು ಅವು. ನನ್ನವು ಈಗ ಏನೂ ಹೇಳುವುದಿಲ್ಲ. ತಲೆ ಅಲುಗಿಸದೆ ಕೂತರೆ ಲೋಕ ತೆಪ್ಪಗಿರುತ್ತದೆ. ತಿರುಗಿಸಿದರೆ ಕಿಟಕಿ, ಗೋಡೆ, ಕ್ಯಾಲೆಂಡರು ಎಲ್ಲವೂ ಅರೆಕ್ಷಣ ತಡವಾಗಿ, ನೀರಿನೊಳಗೆ ತೇಲಿಕೊಂಡು ನನ್ನ ಹಿಂದೆ ಬರುತ್ತವೆ. ಕಪ್ಪು ಹಲಗೆಯಿಂದ ಮಕ್ಕಳ ಕಡೆ ತಿರುಗುವಾಗ ಎರಡು ಸಲ ಬಿದ್ದ ಮೇಲೆ ಕಾಲೇಜಿಗೆ ರಜೆ ಹಾಕಿದೆ.

ಈಗ ನಿನ್ನ ಕಸುಬಿನ ಪ್ರಶ್ನೆ. ನಾನಿರುವುದು ಆರನೇ ಮಹಡಿ. ಲಿಫ್ಟಿನ ಬಾಗಿಲು ಮುಚ್ಚಿದ ಮೇಲೆ ಅದು ಹೊರಟಿತೋ ಇಲ್ಲವೋ ನನಗೆ ತಿಳಿಯುವುದಿಲ್ಲ. ಉಳಿದವರ ಮೊಣಕಾಲು ಒಂದಿಷ್ಟು ಮಣಿಯುವುದು ಕಾಣುತ್ತದೆ; ನನ್ನದು ತಡವಾಗಿ ಮಣಿದು ಮುಗ್ಗರಿಸುತ್ತದೆ. ಒಂದೇ ವೇಗದಲ್ಲಿ ಹೋಗುತ್ತಿರುವುದು ಒಳಗಿನವನಿಗೆ ತಿಳಿಯದು, ವೇಗ ಬದಲಾದರೆ ಮಾತ್ರ ತಿಳಿದೇ ತಿಳಿಯುತ್ತದೆ ಎಂದು ಇಪ್ಪತ್ತು ವರ್ಷ ಪಾಠ ಹೇಳಿದವಳು ನಾನು. ಲಿಫ್ಟಿನೊಳಗೆ ನಿಂತವಳಿಗೆ ಅದು ಹೊರಟದ್ದು ಗೊತ್ತಾಗುವ ಬೇರೆ ದಾರಿ ಇದೆಯೇ?

ಅಕ್ಕ


ಜೂನ್ ೧೬

ಅಕ್ಕನವರಿಗೆ,

ಪತ್ರ ತಲುಪಿತು. ಕಾಯಿಲೆಯ ವಿಷಯ ತಿಳಿದು ಬೇಸರವಾಯಿತು.

ಒಂದು ರಬ್ಬರ್ ಬ್ಯಾಂಡಿಗೆ ಕೀಲಿಗೊಂಚಲು ಕಟ್ಟಿ, ಎದೆಯ ಮಟ್ಟಕ್ಕೆ ಇಳಿಬಿಟ್ಟು ಹಿಡಿದುಕೊಳ್ಳಿ. ಬ್ಯಾಂಡು ಉದ್ದವಾದರೆ ಲಿಫ್ಟು ಮೇಲಕ್ಕೆ ಹೊರಟಿದೆ. ಗಿಡ್ಡವಾದರೆ ಕೆಳಕ್ಕೆ ಹೊರಟಿದೆ. ನಿಲ್ಲುವಾಗ ಇದರ ಉಲ್ಟಾ. ನಡುವೆ ಏನೂ ತೋರಿಸುವುದಿಲ್ಲ; ಅದು ನಿಮಗೆ ಗೊತ್ತಿರುವುದೇ. ಇನ್ನೊಂದು ಕೈಯಲ್ಲಿ ಕಂಬಿ ಹಿಡಿದಿರಿ.

ಬುಗುರಿ ಎಂದು ಕರೆಯಬೇಡಿ. ನನಗೀಗ ನಲವತ್ತು.

ಇತಿ,
ಲಿಫ್ಟ್ ಮೆಕ್ಯಾನಿಕ್


ಜೂನ್ ೨೧

ತಮ್ಮನಿಗೆ,

ನಿನ್ನ ಕೀಲಿಗೊಂಚಲು ಕೆಲಸ ಮಾಡಿತು. ನಿನ್ನೆ ಬೆಳಿಗ್ಗೆ ನಾಲ್ಕು ಸಲ ಮೇಲೆ ಕೆಳಗೆ ಹೋಗಿಬಂದೆ. ಕೆಳಗಿನ ಕಾವಲುಗಾರ ಮೂರನೇ ಸಲ ಬಾಗಿಲು ತೆರೆದಾಗ ಕೇಳಿದ: "ಏನ್ ಮೇಡಂ, ಮೀನು ಹಿಡಿಯೋಕ್ ಹೊರಟ್ರಾ?" ಹೌದಪ್ಪಾ, ಇನ್ನೂ ಒಂದೂ ಕಚ್ಚಿಲ್ಲ ಅಂದೆ. ಎಷ್ಟೋ ತಿಂಗಳ ಮೇಲೆ ನಕ್ಕೆ.

ಆಮೇಲೆ ಐದನೇ ಸಲವೂ ಹೋದೆ, ಬರೀ ನೋಡುವುದಕ್ಕೆ. ಬ್ಯಾಂಡು ಮೆಲ್ಲಗೆ ಉದ್ದವಾಗುತ್ತದೆ, ಯಾರೋ ಕಾಣದವರು ಕೆಳಗಿನಿಂದ ಜಗ್ಗಿದಂತೆ. ನನ್ನ ಮೈಗೆ ಏನೂ ಗೊತ್ತಿಲ್ಲ. ಕೀಲಿಗೆ ಗೊತ್ತಿದೆ. ನನ್ನ ಒಂದು ಇಂದ್ರಿಯ ದೇಹದಿಂದ ಹೊರಗೆ ಬಂದು ಬೆರಳ ತುದಿಯಲ್ಲಿ ತೂಗುತ್ತಿದೆ ಅನ್ನಿಸಿತು.

ಮಧ್ಯಾಹ್ನ ಮಲಗಿದಾಗ ಮಂಚ ತೇಲುತ್ತದೆ. ಮೊದಲು ಹೆದರಿಕೆಯಾಗುತ್ತಿತ್ತು, ಈಗ ಹೋಗಲಿ ಅಂತ ಬಿಡುತ್ತೇನೆ. ಬಿಳಿ ಪರದೆ ಉಬ್ಬಿ ಇಳಿಯುತ್ತದೆ, ಬೀದಿಯ ಸದ್ದು ಆರು ಮಹಡಿ ಏರಿ ಬರುವಷ್ಟರಲ್ಲಿ ಮೃದುವಾಗಿರುತ್ತದೆ. ಮೇಲೆ ಯಾವುದು, ಕೆಳಗೆ ಯಾವುದು ಅಂತ ಯಾರೂ ನನ್ನನ್ನು ಕೇಳದ ಒಂದು ಗಂಟೆ.

ನಿನ್ನ ಕೆಲಸ ಹೇಗಿರುತ್ತದೆ? ಒಂದು ದಿನದ್ದು ಬರೆ. ಇದಕ್ಕೆ ಉತ್ತರ ಬರೆಯಲೇಬೇಕೆಂದೇನಿಲ್ಲ.

ಅಕ್ಕ


ಜುಲೈ ೯

ಅಕ್ಕನವರಿಗೆ,

ಕೇಳಿದ್ದೀರಿ, ಬರೆಯುತ್ತೇನೆ. ಇಂದು ಭಾನುವಾರ. ಹೆಂಡತಿ ಬಸ್ ಓಡಿಸಲು ಹೋಗಿದ್ದಾಳೆ. ಅವಳು ಸಿಟಿ ಬಸ್ಸಿನ ಡ್ರೈವರ್. ನಮ್ಮ ಮನೆಯಲ್ಲಿ ಒಬ್ಬರು ಜನರನ್ನು ಅಡ್ಡ ಸಾಗಿಸುತ್ತಾರೆ, ಒಬ್ಬರು ಉದ್ದ ಸಾಗಿಸುತ್ತಾರೆ ಎಂದು ಅವಳ ತಮಾಷೆ.

ಈಗ ನಮ್ಮ ಕೆಲಸ ನಡೆಯುತ್ತಿರುವುದು ಅರವತ್ತು ಮಹಡಿಯ ಹೊಸ ಕಟ್ಟಡದಲ್ಲಿ. ಬೆಳಿಗ್ಗೆ ಏಳಕ್ಕೆ ಕ್ಯಾಬಿನ್ನಿನ ನೆತ್ತಿಯ ಮೇಲೆ ಹತ್ತಿ ನಿಲ್ಲುತ್ತೇನೆ. ಸೊಂಟಕ್ಕೆ ಪಟ್ಟಿ, ಕೈಯಲ್ಲಿ ಟಾರ್ಚು. ನಿಧಾನದ ವೇಗದಲ್ಲಿ ಏರುತ್ತಾ ಹಳಿ, ಹಗ್ಗ, ಬಾಗಿಲ ಕೊಂಡಿ ಒಂದೊಂದೇ ನೋಡುತ್ತೇನೆ. ಮೇಲೆ ನೋಡಿದರೆ ಉಕ್ಕಿನ ಹಗ್ಗಗಳು ಒಂದು ಚುಕ್ಕಿಯಲ್ಲಿ ಸೇರುತ್ತವೆ. ಒಳಗೆ ಕಿಟಕಿಯಿಲ್ಲ, ಗಾಳಿಯಿಲ್ಲ. ಗೋಡೆಯೇ ಕೆಳಗೆ ಇಳಿದುಹೋಗುತ್ತಿದೆ, ನಾನು ಅಲ್ಲಾಡದೆ ನಿಂತಿದ್ದೇನೆ ಅಂತ ಎಷ್ಟೋ ಸಲ ಅನ್ನಿಸುತ್ತದೆ. ಹಾಗಂದುಕೊಂಡರೆ ಲೆಕ್ಕದಲ್ಲಿ ತಪ್ಪೇನೂ ಇಲ್ಲವಲ್ಲ.

ಹೊರಡುವ ಆ ಅರೆಕ್ಷಣ ನನಗಿಷ್ಟ. ಇಳಿಯುವಾಗ ಹೊಟ್ಟೆಯೊಳಗೆ ಹಗುರಾಗುತ್ತದಲ್ಲ, ಅದು. ಪೂರ್ತಿ ಬಿದ್ದರೆ ಪೂರ್ತಿ ಹಗುರ. ಆಗ ನಿನ್ನ ಮೇಲೆ ಯಾವ ಭಾರವೂ ಇಲ್ಲ, ನೀನು ಯಾರನ್ನೂ ಒತ್ತುತ್ತಿಲ್ಲ. ಇದನ್ನು ನಾನು ಮೊದಲು ಯೋಚಿಸಿದ್ದು ಕಾಲೇಜಿನ ಕೊನೇ ವರ್ಷ. ಆಗ ಸಂಜೆ ಹೊತ್ತು ಒಂದು ಹಳೇ ಕಚೇರಿಯಲ್ಲಿ ಲಿಫ್ಟ್ ನಡೆಸುವ ಕೆಲಸಕ್ಕೆ ಹೋಗುತ್ತಿದ್ದೆ, ನೆನಪಿದೆಯೇ. ಕ್ಯಾಬಿನ್ನಿನ ಮೂಲೆಯಲ್ಲಿ ಒಂದು ಸ್ಟೂಲು, ಎದುರಿಗೆ ಹಿತ್ತಾಳೆಯ ಹಿಡಿ. ಪಕ್ಕದಲ್ಲೇ ಇನ್ನೊಂದು ಲಿಫ್ಟು. ಅದರಲ್ಲಿ ಒಬ್ಬ ಮುದುಕಪ್ಪ. ಅವನು ಏರುವಾಗ ನಾನು ಇಳಿಯುತ್ತಿದ್ದೆ, ಜಾಲರಿಯ ಬಾಗಿಲಿನ ಮೂಲಕ ಒಂದು ಕ್ಷಣ ಮುಖ ಕಾಣುತ್ತಿತ್ತು. ನನ್ನ ಗಡಿಯಾರ, ಅವನ ಗಡಿಯಾರ. ಇಬ್ಬರೂ ವೇಗ ಬದಲಿಸುತ್ತಿದ್ದೇವೆ. ನನ್ನ ಅಳತೆಯನ್ನು ಅವನ ಅಳತೆಗೆ ತಿರುಗಿಸುವುದು ಹೇಗೆ? ನೇರವಾಗಿ ಹೋದರೆ ಪುಟಗಟ್ಟಲೆ ಲೆಕ್ಕ. ನಡುವಿನ ಖಾಲಿ ಜಾಗದಲ್ಲಿ ಮೂರನೆಯವನೊಬ್ಬ ಸುಮ್ಮನೆ ಬೀಳುತ್ತಿದ್ದಾನೆ ಅಂದುಕೊಂಡೆ. ಅವನಿಗೆ ಏನೂ ತಾಗುವುದಿಲ್ಲ, ಅವನ ಲೆಕ್ಕ ನೇರ. ಮೊದಲು ನನ್ನಿಂದ ಅವನಿಗೆ, ಆಮೇಲೆ ಅವನಿಂದ ಮುದುಕಪ್ಪನಿಗೆ. ಹನ್ನೊಂದು ಸಾಲಿಗೆ ಮುಗಿಯಿತು.

ಇದನ್ನು ಆಗ ಯಾರಿಗೂ ಹೇಳಲಿಲ್ಲ. ನಿನಗೆ ಹೇಳಿ ಆಶ್ಚರ್ಯಪಡಿಸಬೇಕು ಅಂತ ಪರೀಕ್ಷೆಯ ತನಕ ಇಟ್ಟುಕೊಂಡಿದ್ದೆ. ಆಮೇಲೆ ಇದು ಎಲ್ಲಿಂದ ಬಂತು ಅಂತ ಯಾರೂ ಕೇಳಲಿಲ್ಲ. ನೀನೂ ಕೇಳಲಿಲ್ಲ.

ಬರೆಯುತ್ತಾ ಏಕವಚನಕ್ಕೆ ಬಂದುಬಿಟ್ಟಿದ್ದೇನೆ. ಇರಲಿ, ಹೊಡೆದುಹಾಕುವುದಿಲ್ಲ.

ತಮ್ಮ


ಜುಲೈ ೧೫

ತಮ್ಮನಿಗೆ,

ನಾನು ನಿನಗೆ ಲಿಫ್ಟಿನ ವಿಷಯ ಕೇಳಲು ಬರೆದದ್ದಲ್ಲ. ಅದು ನೆಪ. ಈಗ ಹೇಳುತ್ತೇನೆ, ದಯವಿಟ್ಟು ಕೊನೆಯವರೆಗೆ ಓದು.

ಆ ವರ್ಷದ ಪರೀಕ್ಷೆ ಮಾರ್ಚ್ ಹನ್ನೊಂದಕ್ಕೆ. ನಾನು ಹೊಸ ಮೇಷ್ಟ್ರು. ನಿಮ್ಮ ತರಗತಿಯ ಉತ್ತರಪತ್ರಿಕೆಗಳು ನನ್ನ ಪಾಲಿಗೆ ಬಂದಿದ್ದವು. ಹೆಸರಿರಲಿಲ್ಲ, ಆದರೆ ಉದ್ದ ಬಾಲದ ನಿನ್ನ ಅಕ್ಷರ ನನಗೆ ತಿಳಿಯದೇ? ತಿಂಗಳ ಕೊನೆಯಲ್ಲಿ ಅಂಕ ಕೂಡಿಸುವಾಗ ನಿನ್ನ ಉತ್ತರದಲ್ಲಿ ಬೀಳುವವನ ದಾರಿ ಕಣ್ಣಿಗೆ ಬಿತ್ತು. ಮೈ ಉರಿಯಿತು. ಯಾಕೆಂದರೆ ಅದೇ ದಾರಿ ನನ್ನ ನೋಟ್‌ಬುಕ್ಕಿನಲ್ಲಿತ್ತು, ಮನೆಯಲ್ಲಿ ನಮ್ಮಿಬ್ಬರ ಮೇಜಿನ ಮೇಲೆ. ಚಳಿಗಾಲವೆಲ್ಲ ಆ ಲೆಕ್ಕದ ಹಿಂದೆ ಬಿದ್ದಿದ್ದವಳು ನಾನು. ಆ ಪುಟ ಯಾವ ದಿನದ್ದು, ಪರೀಕ್ಷೆ ಯಾವ ದಿನದ್ದು ಅಂತ ಸಿಟ್ಟಿನಲ್ಲಿ ಎಣಿಸಲೇ ಇಲ್ಲ; ನನ್ನ ತಮ್ಮನೇ ಕದ್ದ ಅಂದುಕೊಂಡೆ. ತಮ್ಮ ಅಂತ ಬಿಟ್ಟರೆ ಅನ್ಯಾಯ ಅಂದುಕೊಂಡು ವಿಭಾಗದ ಮುಖ್ಯಸ್ಥರಿಗೆ ಹೇಳಿದೆ. ಅವರು ನಿನ್ನನ್ನು ಕರೆಸಿದರು. "ನಾನೇ ಯೋಚಿಸಿದ್ದು ಸಾರ್" ಅಂದೆಯಂತೆ. ಅವರು ನಕ್ಕರಂತೆ. ಪತ್ರಿಕೆ ರದ್ದಾಯಿತು. ಆ ವಾರವೇ ನೀನು ಮನೆ ಬಿಟ್ಟೆ.

ನೋಟ್‌ಬುಕ್ಕಿನ ಆ ಪುಟಕ್ಕೆ ತಾರೀಕಿದೆ. ಮಾರ್ಚ್ ಇಪ್ಪತ್ತಾರು. ಪರೀಕ್ಷೆಯಾಗಿ ಹದಿನೈದು ದಿನದ ಮೇಲೆ. ನಿನ್ನ ಪತ್ರಿಕೆಯನ್ನು ನಾನು ಮೊದಲ ಸಲ ತಿದ್ದಿದ್ದು ಹದಿನೈದನೇ ತಾರೀಕು. ಅದು ಆ ಕಾಲದ ಡೈರಿಯಲ್ಲಿದೆ. ನೂರಿಪ್ಪತ್ತು ಪತ್ರಿಕೆಗಳ ನಡುವೆ ಸುಮ್ಮನೆ ಕಣ್ಣಾಡಿಸಿದೆ, ಮರೆತೆ. ಹತ್ತು ದಿನ ಬಿಟ್ಟು ತಲೆ ಬಾಚುತ್ತಾ ಕಿಟಕಿಯ ಬಳಿ ನಿಂತಾಗ ಅದು ನನಗೆ "ಹೊಳೆಯಿತು". ಎಂಥ ಸಂತೋಷವಾಗಿತ್ತು ಗೊತ್ತೇ? ಬಾಚಣಿಗೆ ತಲೆಯಲ್ಲೇ ಇಟ್ಟುಕೊಂಡು ಬರೆದೆ. ಕದ್ದದ್ದು ನಾನು. ಕದ್ದದ್ದೆಂದು ತಿಳಿಯದೆ ಕದ್ದೆ. ಆಮೇಲೆ ಅದನ್ನೇ ನನ್ನ ಪುಸ್ತಕದ ಏಳನೇ ಅಧ್ಯಾಯ ಮಾಡಿದೆ. ಜನ ಮೆಚ್ಚುವುದು ಆ ಅಧ್ಯಾಯವನ್ನೇ.

ಎರಡು ಘಟನೆಗಳಲ್ಲಿ ಯಾವುದು ಮೊದಲು ಎನ್ನುವುದು ನೋಡುವವರ ವೇಗದ ಮೇಲೆ ಹೋಗಬಹುದು ಎಂದು ತರಗತಿಯಲ್ಲಿ ಹೇಳುತ್ತೇವೆ. ಆದರೆ ಒಂದರಿಂದ ಇನ್ನೊಂದು ಹುಟ್ಟಿದ್ದರೆ ಹಾಗಿಲ್ಲ. ಆಗ ಯಾರು ಎಲ್ಲಿಂದ ನೋಡಿದರೂ ಮೊದಲಿನದು ಮೊದಲೇ. ನಿನ್ನದು ಮೊದಲು.

ಇನ್ನೂ ಒಂದಿದೆ. ಆ ತಾರೀಕನ್ನು ನಾನು ನೋಡಿದ್ದು ಈ ವರ್ಷವಲ್ಲ. ಆರು ವರ್ಷದ ಹಿಂದೆ, ಈ ಮನೆಗೆ ಬರುವಾಗ, ಪೆಟ್ಟಿಗೆ ತೆರೆದು. ನೆಲದ ಮೇಲೆ ಕೂತು ಮೂರು ಸಲ ಓದಿದೆ. ಮತ್ತೆ ಪೆಟ್ಟಿಗೆಗೆ ಹಾಕಿದೆ. ಆರು ವರ್ಷ ಆ ಅಧ್ಯಾಯವನ್ನು ಪಾಠ ಮಾಡಿದೆ, ಚೆನ್ನಾಗಿಯೇ ಮಾಡಿದೆ.

ಅಕ್ಕ


ಆಗಸ್ಟ್ ೩೦

ತಮ್ಮನಿಗೆ,

ಆರು ವಾರವಾಯಿತು. ನೀನು ಬರೆಯಬೇಕು ಅಂತ ಕೇಳುವ ಹಕ್ಕು ನನಗಿಲ್ಲ.

ಕಾಲೇಜಿಗೆ ಎಲ್ಲವನ್ನೂ ಬರೆದು ಕಳಿಸಿದ್ದೇನೆ, ನೋಟ್‌ಬುಕ್ಕಿನ ಪುಟದ ಪ್ರತಿ ಸಮೇತ. ಪ್ರಕಾಶಕರಿಗೂ ಬರೆದಿದ್ದೇನೆ: ಹೊಸ ಮುದ್ರಣದಲ್ಲಿ ಏಳನೇ ಅಧ್ಯಾಯದ ಮೇಲೆ ನಿನ್ನ ಹೆಸರು ಇರಬೇಕು ಎಂದು. ಕಾಲೇಜಿನವರು ನಿನಗೆ ನೇರವಾಗಿ ಬರೆಯುತ್ತಾರಂತೆ.

ಅಕ್ಕ


ಸೆಪ್ಟೆಂಬರ್ ೧೮

ಅಕ್ಕಾ,

ಕಾಲೇಜಿನ ಪತ್ರ ಬಂತು. ಮೊಹರು ನೋಡಿ ಮನೆಯಲ್ಲಿ ಒಡೆಯಲಿಲ್ಲ. ಕೆಲಸಕ್ಕೆ ಕೊಂಡುಹೋಗಿ ನಲವತ್ತನೇ ಮಹಡಿಯ ಹತ್ತಿರ ಕ್ಯಾಬಿನ್ನಿನ ಮೇಲೆ ಕೂತು ಓದಿದೆ. "ವಿಷಾದಿಸುತ್ತೇವೆ" ಅಂತ ಬರೆದಿದ್ದಾರೆ. ಬೇಕಾದರೆ ಆ ಪರೀಕ್ಷೆ ಮತ್ತೆ ಬರೆಯಬಹುದಂತೆ.

ನನ್ನನ್ನು ಕೇಳಿದೆಯಾ? ಅಂದು ನನ್ನನ್ನು ಒಂದು ಮಾತು ಕೇಳದೆ ಹೋಗಿ ಹೇಳಿದೆ. ಇಂದೂ ಕೇಳದೆ ಹೋಗಿ ಹೇಳಿದೆ. ಆಗ ತಪ್ಪು ಹೇಳಿದೆ, ಈಗ ಸರಿ ಹೇಳಿದೆ, ಅಷ್ಟೇ ವ್ಯತ್ಯಾಸ. ಎರಡೂ ಸಲ ನನ್ನ ಬದುಕಿನ ತೀರ್ಮಾನ ನಿನ್ನ ಮೇಜಿನ ಮೇಲೇ ಆಯಿತು. ನಿನ್ನ ಮನಸ್ಸು ಹಗುರಾಗಬೇಕಿತ್ತು, ಮಾಡಿಕೊಂಡೆ.

ನನ್ನಿಂದ ಏನು ಹೋಯಿತು ಅಂತ ನಿನಗೆ ಗೊತ್ತಿಲ್ಲ. ಡಿಗ್ರಿ ಅಂದುಕೊಂಡಿದ್ದೀಯ. ಡಿಗ್ರಿ ಇಲ್ಲದೆ ನಾನು ಚೆನ್ನಾಗಿದ್ದೇನೆ. ಈ ಕೆಲಸ ನನಗೆ ಇಷ್ಟ, ಇದರಲ್ಲಿ ನನ್ನಷ್ಟು ಕೈ ಪಳಗಿದವರು ಕಡಿಮೆ. ಹೋದದ್ದು ಬೇರೆ. ಆ ದಿನದಿಂದ ನನ್ನ ತಲೆಗೆ ಏನಾದರೂ ಹೊಸದು ಬಂದರೆ ಮೊದಲು ಕೇಳಿಕೊಳ್ಳುತ್ತಿದ್ದೆ: ಇದು ಯಾರದ್ದು? ಎಲ್ಲಾದರೂ ನೋಡಿದ್ದೆನಾ? ಮುಖ್ಯಸ್ಥರ ಕೋಣೆಯಲ್ಲಿ ಒಂದು ಗಳಿಗೆ ನನಗೇ ಅನುಮಾನ ಬಂದಿತ್ತು, ಅಕ್ಕನ ನೋಟ್‌ಬುಕ್ಕು ನೋಡಿದ್ದೆನೇನೋ ಅಂತ. ಆ ಅನುಮಾನ ಹೋಗಲೇ ಇಲ್ಲ. ಹತ್ತೊಂಬತ್ತು ವರ್ಷ ಹೊಳೆದದ್ದನ್ನೆಲ್ಲ ಹಾಗೇ ಕೈಬಿಟ್ಟೆ. ಯೋಚಿಸುವುದನ್ನೇ ಬಿಟ್ಟೆ. ಅದನ್ನು ಯಾವ ಕಾಲೇಜು ವಾಪಸ್ ಕೊಡುತ್ತದೆ?

ಹೆಸರು ಹಾಕಬೇಡ.

ಅಂದಹಾಗೆ ನಿನ್ನ ಏಳನೇ ಅಧ್ಯಾಯದಲ್ಲಿ ತಪ್ಪಿದೆ. ಪುಸ್ತಕ ತರಿಸಿ ಓದಿದೆ.

ತಮ್ಮ


ಸೆಪ್ಟೆಂಬರ್ ೨೫

ಅತ್ತಿಗೆಯವರಿಗೆ ನಮಸ್ಕಾರ.

ನಾನು ನಿಮ್ಮ ತಮ್ಮನ ಹೆಂಡತಿ. ನಾವು ಭೇಟಿಯಾಗಿಲ್ಲ. ಇವರಿಗೆ ಹೇಳಿಯೇ ಬರೆಯುತ್ತಿದ್ದೇನೆ. ಕದ್ದುಮುಚ್ಚಿ ಮಾಡುವುದು ಈ ಮನೆಗೆ ಆಗಿಬರುವುದಿಲ್ಲ.

ಕಳೆದ ವಾರ ನಿಮಗೆ ಬಿಸಿಯಾಗಿ ಬರೆದು ಅಂಚೆಗೆ ಹಾಕಿ ಬಂದವರು ನನ್ನ ದಾರದುಂಡೆ ಕೇಳಿದರು. ಅಡುಗೆಮನೆಯಲ್ಲಿ ಎರಡು ಬೆಂಕಿಪೊಟ್ಟಣಗಳನ್ನು ದಾರದಿಂದ ಕಟ್ಟಿ ಮೇಜಿನ ಮೇಲೆ ಎಳೆಯುತ್ತಾ ಕೂತರು. ಅಂದಿನಿಂದ ಅದೇ. ಊಟಕ್ಕೆ ಕರೆದರೆ "ದಾರ ಹರಿಯುತ್ತೆ ಕಣೇ, ಹರಿಯಲೇಬೇಕು" ಅನ್ನುತ್ತಾರೆ. ನಾನು ಬಸ್ ಓಡಿಸುವವಳು, ಬ್ರೇಕ್ ಒತ್ತಿದರೆ ನಿಂತವರು ಮುಂದಕ್ಕೆ ಬೀಳುತ್ತಾರೆ ಅನ್ನುವಷ್ಟು ವಿಜ್ಞಾನ ನನಗೆ ಸಾಕು. ಆದರೆ ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ಇವರ ಈ ಮುಖ ನಾನು ನೋಡಿರಲಿಲ್ಲ. ನಿದ್ದೆಯಿಂದ ಎದ್ದ ಮಗುವಿನ ಹಾಗೆ ಇದ್ದಾರೆ.

ಲೆಕ್ಕ ಬರೆದದ್ದನ್ನು ಕಳಿಸಲು ಇವರಿಗೆ ಬಿಗುಮಾನ. ನಾನು ಕಳಿಸುತ್ತಿದ್ದೇನೆ, ಒಪ್ಪಿಗೆ ಪಡೆದು. ಎರಡು ಹಾಳೆ ಇವೆ.

ನಿಮ್ಮ ಆರೋಗ್ಯ ನೋಡಿಕೊಳ್ಳಿ.

ಇತಿ,
ಬಸ್ ಡ್ರೈವರ್


ಅಕ್ಟೋಬರ್ ೩

ತಮ್ಮನಿಗೆ,

ಮೊದಲು ನಿನ್ನ ಕಾಗದಕ್ಕೆ. ನೀನು ಬರೆದದ್ದು ಸರಿ. ನಿನ್ನನ್ನು ಕೇಳಲಿಲ್ಲ. ತಪ್ಪು ಒಪ್ಪಿಕೊಳ್ಳುವ ಅವಸರದಲ್ಲೂ ನನ್ನನ್ನೇ ಮುಂದಿಟ್ಟುಕೊಂಡೆ. ಪ್ರಕಾಶಕರಿಗೆ ತಡೆಯಲು ಬರೆದಿದ್ದೇನೆ. ನಿನ್ನ ಹೆಸರು ಹಾಕುವುದಿಲ್ಲ. ನೀನಾಗಿ ಹೇಳುವವರೆಗೆ ಆ ಅಧ್ಯಾಯವಿಲ್ಲದೆಯೇ ಪುಸ್ತಕ ಬರುವುದಾದರೆ ಬರಲಿ, ನಿಲ್ಲುವುದಾದರೆ ನಿಲ್ಲಲಿ.

ಎರಡನೆಯದು. ಹಾಳೆಗಳನ್ನು ಓದಿದೆ. ಅಕ್ಷರ ಕುಣಿಯದಂತೆ ತಲೆಗೆ ಎರಡೂ ಕಡೆ ದಿಂಬು ಕೊಟ್ಟುಕೊಂಡು, ಹಾಳೆಯನ್ನು ಎತ್ತಿ ಹಿಡಿದು ಓದಿದೆ. ಮೇಲೊಂದು ಕೆಳಗೊಂದು ಕ್ಯಾಬಿನ್ನು, ನಡುವೆ ಬಿಗಿದ ದಾರ. ಎರಡೂ ಮೇಲಕ್ಕೆ ಏರುತ್ತಾ ಒಂದೇ ಸಮ ವೇಗ ಹೆಚ್ಚಿಸಿಕೊಳ್ಳುತ್ತವೆ, ಆದ್ದರಿಂದ ನಡುವೆ ಏನೂ ಬದಲಾಗದು ಎಂದು ನಾನು ಪುಸ್ತಕದಲ್ಲಿ ಬರೆದಿದ್ದೆ. ನೀನು ಹೇಳುವುದು: ನೆಲದ ಮೇಲೆ ನಿಂತು ನೋಡುವವನಿಗೆ ಅಂತರ ಹಾಗೇ ಇದೆ, ಆದರೆ ವೇಗ ಏರಿದ ಹಾಗೆಲ್ಲ ದಾರ ಅವನ ಲೆಕ್ಕದಲ್ಲಿ ಕುಗ್ಗಲೇಬೇಕು, ಕುಗ್ಗಬೇಕಾದ ದಾರವನ್ನು ಕುಗ್ಗಲು ಬಿಡದಿದ್ದರೆ ಅದು ಹರಿಯುತ್ತದೆ. ಹರಿಯದಿರಲು ಮೇಲಿನ ಕ್ಯಾಬಿನ್ನು ಕೆಳಗಿನದಕ್ಕಿಂತ ಒಂಚೂರು ಮೆಲ್ಲಗೆ ವೇಗ ಹೆಚ್ಚಿಸಿಕೊಳ್ಳಬೇಕು. ನಮ್ಮ ಲಿಫ್ಟುಗಳಲ್ಲಿ ಕೂದಲೆಳೆಯ ಕೋಟಿಯಲ್ಲೊಂದು ಪಾಲೂ ಅಲ್ಲದ ವ್ಯತ್ಯಾಸ, ಬೆಳಕಿನ ವೇಗದ ಹತ್ತಿರ ಹೋದರೆ ದೊಡ್ಡದು.

ನೀನು ಸರಿ. ನಾನು ತಪ್ಪು. ಇಷ್ಟು ವರ್ಷ ಪಾಠ ಮಾಡಿಯೂ ನನ್ನ ಕಣ್ಣಿಗೆ ಬೀಳಲಿಲ್ಲ.

ಹಾಳೆಯ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಬರೆದಿದ್ದೀಯ: "ಇದನ್ನು ಬೇರೆ ಯಾರಾದರೂ ಮೊದಲೇ ಕಂಡಿರಬಹುದು." ಕಂಡಿದ್ದಾರೆ. ನೀನು ಹುಟ್ಟುವ ಮೊದಲೇ ಕಂಡವರಿದ್ದಾರೆ, ದೊಡ್ಡ ಪುಸ್ತಕಗಳಲ್ಲಿದೆ. ಎಂದೋ ಓದಿ ನಾನು ಮರೆತಿದ್ದೆ. ಆದರೆ ನೀನು ಅವರನ್ನು ಓದಿ ಬರೆದದ್ದಲ್ಲ. ಅವರದ್ದು ನೇರ ದಾರಿ, ನಿನ್ನದು ಇಲ್ಲೂ ಬೀಳುವವನ ಮೂಲಕವೇ ಸುತ್ತಿ ಬಂದಿದೆ. ಈ ದಾರಿಯಲ್ಲಿ ಬೇರೆ ಯಾರ ಹೆಜ್ಜೆಯೂ ಇಲ್ಲ. ಇದು ನಿನಗೇ ಹೊಳೆದದ್ದು ಎಂದು ನಾನು ನಂಬುತ್ತೇನೆ. ಅಂದು ಹೇಳಬೇಕಾಗಿದ್ದ ಮಾತು ಇದು.

ಎರಡನೇ ಹಾಳೆಯ ಐದನೇ ಸಾಲಿನಲ್ಲಿ ಮಾತ್ರ ಚಿಹ್ನೆ ತಪ್ಪಿದೆ ಅನ್ನಿಸುತ್ತದೆ. ಕಾಗದದಲ್ಲಿ ಬಗೆಹರಿಯುವುದಿಲ್ಲ. ಬರುತ್ತೀಯಾ? ಬರಲೇಬೇಕೆಂದಲ್ಲ. ಕೇಳುತ್ತಿದ್ದೇನೆ.

ಅಕ್ಕ


ನವೆಂಬರ್ ೨

ಅಕ್ಕಾ,

ನಿನ್ನಲ್ಲಿಂದ ಹೊರಟು ಮನೆ ತಲುಪಿದೆ. ಬಸ್ಸು ತಡವಾಯಿತು, ಹೆಂಡತಿಗೆ ಹೇಳಿದರೆ "ನಾನು ಓಡಿಸಿದ್ರೆ ಆಗ್ತಿರ್ಲಿಲ್ಲ" ಅಂದಳು.

ದಾರಿಯುದ್ದಕ್ಕೂ ಕಿಟಕಿಗೆ ತಲೆ ಕೊಟ್ಟು ಕೂತಿದ್ದೆ. ನಿನ್ನ ಕೋಣೆಯ ಬೆಳಕು ಕಣ್ಣಲ್ಲೇ ಇತ್ತು. ನೀನು ಇಷ್ಟು ಸಣ್ಣಗಾಗಿದ್ದೀಯ ಅಂತ ಎಣಿಸಿರಲಿಲ್ಲ. ಬಾಗಿಲು ತೆಗೆದು ಗೋಡೆ ಹಿಡಿದುಕೊಂಡೇ "ಬಂದ್ಯಾ, ಚಪ್ಪಲಿ ಅಲ್ಲೇ ಬಿಡು, ನಂಗೆ ಕಾಲಿಗೆ ಸಿಕ್ರೆ ಬೀಳ್ತೀನಿ" ಅಂದೆ. ಹತ್ತೊಂಬತ್ತು ವರ್ಷದ ಮೇಲೆ ಮೊದಲ ಮಾತು ಚಪ್ಪಲಿಯದ್ದು. ನಾನು ದಾರಿಯಲ್ಲಿ ಸಿದ್ಧ ಮಾಡಿಕೊಂಡು ಬಂದಿದ್ದ ಮಾತೆಲ್ಲ ಆ ಚಪ್ಪಲಿಯ ಜೊತೆಯೇ ಹೊರಗುಳಿಯಿತು.

ನೀನು ಕಣ್ಣು ಮುಚ್ಚಿ ಮಲಗಿ ಹೇಳುತ್ತಿದ್ದೆ, ನಾನು ಮೇಜಿನ ಮೇಲೆ ಬರೆಯುತ್ತಿದ್ದೆ. ಪರದೆ ಒಳಗೆ ಬಂದು ಹೋಗುತ್ತಿತ್ತು. ಐದನೇ ಸಾಲಿನ ಹತ್ತಿರ ಎಷ್ಟು ಕೂಗಾಡಿದೆವು. "ಮೈನಸ್ಸು ಕಣೋ, ಕುರುಡನಿಗೂ ಕಾಣುತ್ತೆ." "ನೀನು ಕಣ್ಣೇ ಮುಚ್ಚಿದ್ದೀಯಲ್ಲಕ್ಕಾ." ಪಕ್ಕದ ಮನೆಯವರು ಬಂದು ಏನಾಯಿತು ಅಂತ ಕೇಳಿದರು. ಏನೂ ಇಲ್ಲ, ದಾರ ಹರಿಯಿತು ಅಂದೆ ನಾನು. ಕೊನೆಗೆ ಮೈನಸ್ಸೇ ಸರಿ ಅಂತಾಯಿತು. ನನ್ನದೇ ತಪ್ಪು. ತಪ್ಪು ನನ್ನದು ಅಂತ ಗೊತ್ತಾದಾಗ ಎಷ್ಟು ಖುಷಿಯಾಯಿತು ಗೊತ್ತಾ? ಕದ್ದು ಬರೆದವನಿಗೆ ಇಂಥ ತಪ್ಪು ಬರಲಾರದು.

ಸಂಜೆ ಹೊರಟಾಗ ನೆನಪಾಯಿತು, ಆ ಹಳೇ ಪರೀಕ್ಷೆಯ ವಿಷಯವನ್ನೇ ನಾವು ಎತ್ತಲಿಲ್ಲ. ನಿನಗೂ ಆಗಲೇ ನೆನಪಾಗಿರಬೇಕು. ಬಾಗಿಲಲ್ಲಿ ನೀನು ನನ್ನ ತೋಳು ಹಿಡಿದುಕೊಂಡೆ. ನಿಲ್ಲಲು ಆಸರೆಗೆ ಹಿಡಿದದ್ದೋ, ಅದಕ್ಕಲ್ಲವೋ, ನನಗೆ ತಿಳಿಯಲಿಲ್ಲ. ಕೇಳಲೂ ಇಲ್ಲ.

ಕ್ಷಮಿಸಿದ್ದೇನೆ ಅಂತ ಬರೆಯಲು ಎರಡು ಸಲ ಪೆನ್ನು ಎತ್ತಿದೆ. ಬರೆಯಲು ಬರುತ್ತಿಲ್ಲ. ಸುಳ್ಳು ಬರೆಯಲಾರೆ, ನೀನು ತಿಳಿದೂ ಹೇಳದಿದ್ದ ಆ ಆರು ವರ್ಷ ಇನ್ನೂ ಇದ್ದಲ್ಲೇ ಇದೆ. ಬಂದ ದಿನ ಬರಲಿ.

ಶನಿವಾರ ರಜೆ ಹಾಕಿದ್ದೇನೆ. ಬೆಳಗಿನ ಬಸ್ಸಿಗೆ ಬರುತ್ತೇನೆ. ಏಳನೇ ಅಧ್ಯಾಯದ ಎರಡನೇ ಭಾಗವನ್ನು ಹೊಸದಾಗಿ ಬರೆಯಬೇಕು, ದೊಡ್ಡ ಹಾಳೆ ತರಿಸಿಡು. ಚಪ್ಪಲಿ ಹೊರಗೇ ಬಿಡುತ್ತೇನೆ.

ಬುಗುರಿ